ಬರದಲ್ಲಿ ಸತ್ತವರಿಗೂ ಒಂದು ಕಲ್ಲು ಇರಲಿ

ಮಾನ್ಯ ಸಂಪಾದಕರೇ,

ಗಂಗಾಳದಲ್ಲಿ ರೊಟ್ಟಿ ಚೂರು ಬಿಟ್ಟು ಎದ್ದರೆ ನಮ್ಮಜ್ಜಿ ಸುಮ್ನೆ ಬಿಡುತ್ತಿರಲಿಲ್ಲ. ‘ಡೋಗಿ ಬರ ನೋಡಿದ್ರ ಗೊತ್ತಾಗತಿತ್ತು ನಿನಗ’ ಅಂತ ಬೈದು ಆ ಚೂರನ್ನು ತಾನೇ ತಿನ್ನುತ್ತಿದ್ದಳು. ಆಕೆಯೂ ಅದನ್ನು ನೋಡಿದವಳಲ್ಲ ಬಿಡಿ, ಅದು 1791–92ರ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲೇ ಬಿದ್ದಿದ್ದವು, ಅದಕ್ಕೇ ಆ ಹೆಸರು.

ಆ ಬರ ಬೈಗುಳದಲ್ಲಾದರೂ ಉಳಿಯಿತು. 1876–78ರದ್ದು ಅದರಲ್ಲೂ ಇಲ್ಲ. ಆಗ ನಮ್ಮ ವಿಜಯಪುರ ಇದ್ದದ್ದು ಕಲಾದಗಿ ಜಿಲ್ಲೆಯಲ್ಲಿ. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದರು. ಎಲ್ಲರೂ ಸತ್ತರು ಅಂತಲ್ಲ, ಗುಳೆ ಹೋಗಿ ವಾಪಸ್ ಬರದವರೂ ಇದ್ದರು.

ಆ ಬರದಲ್ಲಿ ಹೊಟ್ಟೆ ತುಂಬಬೇಕೆಂದರೆ ಕಸುವಿದ್ದವರು ಸರ್ಕಾರಿ ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು. ಆಗದವರಿಗೆ ಗಂಜಿ. ರಿಚರ್ಡ್ ಟೆಂಪಲ್ ಅನ್ನುವ ಬ್ರಿಟಿಷ್ ಸಾಹೇಬ 1874ರ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ, ಖರ್ಚು ಜಾಸ್ತಿ ಆಯಿತು ಅಂತ ಬೈಸಿಕೊಂಡಿದ್ದ. ಅದೇ ಮನುಷ್ಯ 1877ರಲ್ಲಿ ನಮ್ಮ ಕಡೆ ಕೂಲಿಯಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ, ಮೇಲೊಂದಿಷ್ಟು ಪುಡಿಗಾಸು ಸಾಕು ಅಂದ. ಅಂದರೆ 450 ಗ್ರಾಂ. ಮೊನ್ನೆ ಮನೆಯಲ್ಲಿ ಅಷ್ಟು ಜೋಳದ ಹಿಟ್ಟು ತೂಗಿ ಬಡಿಸಿ ನೋಡಿದೆ, ಐದು ರೊಟ್ಟಿ ಆದವು. ಬೇಳೆ ಇಲ್ಲ, ಪಲ್ಯ ಇಲ್ಲ, ಇದರ ಮೇಲೆ ಬಿಸಿಲಲ್ಲಿ ದಿನವಿಡೀ ಕಲ್ಲು ಒಡೀಬೇಕು.

ಅಮೆರಿಕದಲ್ಲೂ ಗತಿಯಿಲ್ಲದವರನ್ನು ಹೊಲದಲ್ಲಿ ದುಡಿಸಿ ಅನ್ನ ಹಾಕುವ ಕೌಂಟಿ ಫಾರ್ಮ್‌ಗಳಿದ್ದವು. ಚಿಕಾಗೋದ ಡನ್ನಿಂಗ್‌ನಲ್ಲಿ ಅಂಥದ್ದೊಂದು ಇದ್ದ ಜಾಗದಲ್ಲಿ 1989ರಲ್ಲಿ ಮನೆ ಕಟ್ಟಲು ನೆಲ ಅಗೆದರೆ ಮನುಷ್ಯರ ಮೂಳೆ ಸಿಕ್ಕವು. ಈಗ ಅಲ್ಲೊಂದು ಸಣ್ಣ ಸ್ಮಾರಕ ಉದ್ಯಾನ ಇದೆ. ಅವರಿಗಾದರೂ ನೆಲ ಅಗೆದ ಮೇಲೇ ನೆನಪಾಯಿತು, ಅಲ್ವಾ?

ನಮ್ಮಲ್ಲಿ ಅಗೆಯುವುದೂ ಬೇಡ. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದಗಕ್ಕೆ ಹೋಗುವ ರೈಲು ಮಾರ್ಗ ಹಾಕಿದ್ದೇ ಆ ಬರದ ನಂತರ, ಮತ್ತೆ ಹಾಗಾದರೆ ಕಾಳು ಸಾಗಿಸಲಿ ಅಂತ. ವಿಜಯಪುರ ಸ್ಟೇಷನ್ನಿನಲ್ಲಿ ಇಳಿಯುವ ಪ್ರವಾಸಿಗೆ ಗೋಳಗುಮ್ಮಟದ ಚಿತ್ರ ತೋರಿಸಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಈ ಮಾರ್ಗ ಯಾಕೆ ಬಂತು ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆದ ಒಂದು ಕಲ್ಲು ನಿಲ್ಲಿಸಿ. ಕಲ್ಲಿಗೇನು ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ.

— ಒಬ್ಬ ಓದುಗ, ವಿಜಯಪುರ