ಕೂಸಿನ ಕಣ್ಣಿಗೆ ಎದೆಹಾಲು ಹಿಂಡಿಸಿದ ಅಜ್ಜಿಯ ತಪ್ಪೊಪ್ಪಿಗೆ

ಮಾನ್ಯರೇ,

ಮೂರು ವರ್ಷದ ಹಿಂದೆ ಹುಟ್ಟಿದ ನನ್ನ ಮೊಮ್ಮಗನ ಎಡಗಣ್ಣು ಸದಾ ನೀರಾಡುತ್ತಿತ್ತು. ಬೆಳಗಾದರೆ ರೆಪ್ಪೆಯ ತುಂಬ ಗೀಜು. ಬಿಳಿಗುಡ್ಡೆ ಮಾತ್ರ ಬೆಳ್ಳಗೇ ಇತ್ತು. ಕಣ್ಣೀರಿನ ನಾಳ ಇನ್ನೂ ತೆರೆದುಕೊಂಡಿಲ್ಲ, ಮೂಗಿನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಬೆರಳೊತ್ತಿ ನೀವಿ ಎಂದರು ವೈದ್ಯರು. ಎಂಟು ತಿಂಗಳಿಗೆ ಸರಿಹೋಯಿತು. ಅದನ್ನು ನಾನು ನನ್ನ ಹರಳೆಣ್ಣೆ ಕಾಡಿಗೆಯ ಲೆಕ್ಕಕ್ಕೆ ಬರೆದುಕೊಂಡೆ.

ಆ ಸೊಕ್ಕಿನಲ್ಲೇ ಈ ವರ್ಷ ಮೊಮ್ಮಗಳ ವಿಷಯದಲ್ಲಿ ಎಡವಿದೆ. ಹುಟ್ಟಿದ ಏಳನೆಯ ದಿನ ಕೂಸಿನ ಎರಡೂ ರೆಪ್ಪೆ ಊದಿ, ಕಣ್ಣು ಕೆಂಪಾಗಿ ಕೀವು ಬರತೊಡಗಿತು. ನಾನು ಎದೆಹಾಲು ಹಿಂಡಿಸಿದೆ. ಬೀದಿ ಮೂಲೆಯ ಔಷಧ ಅಂಗಡಿಯವರು ಚೀಟಿಯನ್ನೂ ಕೇಳದೆ ಹನಿ ಕೊಟ್ಟರು. ಎರಡು ದಿನ ಹೀಗೇ ಕಳೆಯಿತು. ಮಗಳು ನನ್ನ ಮಾತು ಮೀರಿ ಮಿಂಟೋ ಕಣ್ಣಾಸ್ಪತ್ರೆಗೆ ಆಟೋ ಹತ್ತಿದಳು. ಗೊಣಗಿಕೊಂಡೇ ಜೊತೆಗೆ ಹೋದೆ.

ಕೀವಿನ ಪರೀಕ್ಷೆಯಲ್ಲಿ ಕ್ಲಮೈಡಿಯ ಎಂದು ಬಂತು. ಗಂಡ ಹೆಂಡಿರ ಕೂಡುವಿಕೆಯಿಂದ ಒಬ್ಬರಿಂದೊಬ್ಬರಿಗೆ ಹರಡಿ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು. ಎಷ್ಟೋ ತಾಯಂದಿರಲ್ಲಿ ಇದರ ಲಕ್ಷಣವೇ ಕಾಣುವುದಿಲ್ಲವಂತೆ. ಶ್ವಾಸಕೋಶಕ್ಕೂ ಇಳಿಯಬಹುದಾದ್ದರಿಂದ ಬರೀ ಹನಿ ಸಾಲದೆಂದು 14 ದಿನ ಎರಿತ್ರೊಮೈಸಿನ್ ಸಿರಪ್ ಕುಡಿಸಿದೆವು. ಮಗಳಿಗೂ ಅಳಿಯನಿಗೂ ಮಾತ್ರೆ. ಅಳಿಯ ತಲೆ ತಗ್ಗಿಸಿದ. ನೆಗಡಿಗಿಲ್ಲದ ನಾಚಿಕೆ ಇದಕ್ಕೇಕೆ ಎಂದು ಗದರಿದೆ.

ಹೀಗೆಯೇ ತಾಯಿಯಿಂದ ತಗಲುವ ಗೊನೋರಿಯಾ ಎಂಬ ಇನ್ನೊಂದು ಸೋಂಕು ಇದಕ್ಕಿಂತ ಕ್ರೂರ. ಸಾಮಾನ್ಯವಾಗಿ ಎರಡರಿಂದ ಐದನೆಯ ದಿನದೊಳಗೆ ಕಾಣಿಸಿಕೊಂಡು, ಕೀವು ಸುರಿಸಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನೇ ತೂತು ಮಾಡಬಲ್ಲದು. ತಡವಿಲ್ಲದೆ ಇಂಜೆಕ್ಷನ್ ಬೇಕು. ‘ಅದಾಗಿದ್ದರೆ ನೀವು ಕಳೆದ ಎರಡು ದಿನದಲ್ಲಿ ಕಣ್ಣೇ ಹೋಗಬಹುದಿತ್ತು’ ಎಂದರು ವೈದ್ಯೆ. ನಾನು ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತೆ.

ಮನೆಗೆ ಬಂದು ಹೆರಿಗೆ ಆಸ್ಪತ್ರೆಯ ಬಿಡುಗಡೆ ಪತ್ರ ತೆಗೆದು ನೋಡಿದೆ. ನಾಲ್ಕು ಪುಟ, ಎಲ್ಲವೂ ಇಂಗ್ಲಿಷಿನಲ್ಲಿ. ಹತ್ತಿಯ ಬೆಲೆಯಿದೆ, ಲಸಿಕೆಯ ದಿನಾಂಕವಿದೆ, ಕಣ್ಣಿನ ಬಗ್ಗೆ ಒಂದು ಸಾಲಿಲ್ಲ. ‘ಮೊದಲ 28 ದಿನದಲ್ಲಿ ಮಗುವಿನ ಕಣ್ಣು ಕೆಂಪಾಗಿ, ಊದಿ, ಕೀವು ಬಂದರೆ ಅಂದೇ ವೈದ್ಯರಿಗೆ ತೋರಿಸಿ; ಹಾಲು, ಎಣ್ಣೆ, ಕಾಡಿಗೆ ಹಾಕಬೇಡಿ’ ಎಂಬಿಷ್ಟನ್ನು ಬಿಡುಗಡೆ ಪತ್ರದಲ್ಲೂ ತಾಯಿ ಕಾರ್ಡಿನಲ್ಲೂ ಕನ್ನಡದಲ್ಲಿ ಅಚ್ಚು ಹಾಕುವಂತೆ ಆರೋಗ್ಯ ಇಲಾಖೆ ಆದೇಶಿಸಲಿ. ಬಾಣಂತನದ ಮನೆಯಲ್ಲಿ ಆ ಕಾಗದ ಓದುವವರು ನನ್ನಂಥ ಅಜ್ಜಿಯರು, ಅಕ್ಷರ ದೊಡ್ಡದಿರಲಿ.

– ಒಬ್ಬ ಅಜ್ಜಿ, ಹನುಮಂತನಗರ, ಬೆಂಗಳೂರು
(ಹೆಸರು ಬೇಡವೆಂಬುದು ಅಳಿಯನ ಕೋರಿಕೆ)