ಆಸ್ಪತ್ರೆ ನೆರವಿಗೆ ಇನ್ನು ರಾತ್ರಿಗಳ ಲೆಕ್ಕ ಬೇಕಿಲ್ಲ

ಆತ್ಮೀಯ ಸದಸ್ಯರೇ, ಠೇವಣಿದಾರರೇ, ದಿನಾ ಪಿಗ್ಮಿ ಕಟ್ಟುವ ಅಂಗಡಿಯ ಅಣ್ಣಂದಿರೇ, ಅಕ್ಕಂದಿರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಆಸ್ಪತ್ರೆ ನೆರವು ನಿಧಿಯ ನಿಯಮ ಬದಲಾಗುತ್ತಿದೆ. ಇಷ್ಟು ವರ್ಷ ನೀವು ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಮಲಗಿದ್ದಿರಿ ಅಂತ ಎಣಿಸಿ, ರಾತ್ರಿಗೆ 700 ರೂಪಾಯಿಯಂತೆ ಕೊಡುತ್ತಿದ್ದೆವು. ಮೂರು ರಾತ್ರಿಗಿಂತ ಕಡಿಮೆ ಆದರೆ ಏನೂ ಸಿಗುತ್ತಿರಲಿಲ್ಲ. ಇನ್ನು ಮುಂದೆ ಯಾವ ಆಪರೇಷನ್ ಆಯಿತು ಅನ್ನುವುದನ್ನಷ್ಟೇ ನೋಡುತ್ತೇವೆ. ಒಂದೇ ರಾತ್ರಿ ಇದ್ದು ಬಂದರೂ ನೆರವು ಸಿಗುತ್ತದೆ.

ಇದಕ್ಕೆ ಕಾರಣ ಆದವರು ನಮ್ಮ ಹಳೆಯ ಸದಸ್ಯೆಯೊಬ್ಬರು. ಕಳೆದ ಮಳೆಗಾಲದಲ್ಲಿ ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಡಿಸ್ಚಾರ್ಜ್ ಕಾರ್ಡ್ ಹಿಡಿದುಕೊಂಡು ಕೌಂಟರಿಗೆ ಬಂದರು. ಯಜಮಾನರಿಗೆ ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್. ದೊಡ್ಡ ಊರಿನ ಆಸ್ಪತ್ರೆಯಲ್ಲಿ ರೋಬೋಟ್ ಆಪರೇಷನ್ ಮಾಡಿಸಿ ಕರೆತಂದಿದ್ದರು. ನಮ್ಮ ಹುಡುಗ ಪೆನ್ನಿನ ತುದಿಯಿಂದ ತಾರೀಖು ಎಣಿಸಿದ. ಎರಡೇ ರಾತ್ರಿ. "ಮೂರು ಆಗಿಲ್ಲವಲ್ಲ ಅಮ್ಮಾ" ಅಂದ. ಅವರು ಜಗಳ ಆಡಲಿಲ್ಲ. "ಇನ್ನೊಂದು ದಿನ ಅಲ್ಲೇ ಮಲಗಿಸಿಕೊಂಡಿದ್ದರೆ ಕೊಡುತ್ತಿದ್ದಿರಾ ಮಗಾ?" ಅಂತ ಕೇಳಿದರು. ಹೌದು, ಕೊಡುತ್ತಿದ್ದೆವು. ಅದೇ ಆಗ ನಮ್ಮ ನಿಯಮ.

ಮನೆಯಲ್ಲಿ ಯಜಮಾನರಿಗೆ ಇನ್ನೂ ಮೂತ್ರದ ಟ್ಯೂಬ್ ಇತ್ತು. ಅದರ ಚೀಲ ತುಂಬಿದಾಗಲೆಲ್ಲ ಖಾಲಿ ಮಾಡುವುದು, ರಾತ್ರಿ ಎರಡು ಸಲ ಎದ್ದು ನೋಡುವುದು, ಎಲ್ಲ ಈ ಅಮ್ಮನದೇ ಕೆಲಸ. ಕಾಯಿಲೆಯವರನ್ನು ನೋಡಿಕೊಳ್ಳುವ ಭಾರ ಆಸ್ಪತ್ರೆಯಿಂದ ಮನೆಗೆ ಬಂದಿತ್ತು. ದುಡ್ಡು ಮಾತ್ರ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತ್ತು. ಆಮೇಲೆ ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ನೆರವು ತಪ್ಪಬಾರದು ಅಂತ ನಮ್ಮ ಕೆಲವು ಸದಸ್ಯರು "ಇನ್ನೊಂದು ರಾತ್ರಿ ಇಟ್ಟುಕೊಳ್ಳಿ ಡಾಕ್ಟ್ರೇ" ಅಂತ ಬೇಡಿಕೊಂಡಿದ್ದರಂತೆ. ಗುಣವಾದವರನ್ನು ಹಾಸಿಗೆಯಲ್ಲಿ ಕೂರಿಸುವ ನಿಯಮವನ್ನು ಇಷ್ಟು ದಿನ ಇಟ್ಟುಕೊಂಡಿದ್ದು ನಮ್ಮ ತಪ್ಪು. ಅದಕ್ಕೆ ಆಡಳಿತ ಮಂಡಳಿ ನಿಮ್ಮ ಕ್ಷಮೆ ಕೇಳುತ್ತದೆ.

ಹಳೆಯ ನಿಯಮಕ್ಕೂ ಒಂದು ಕಾಲವಿತ್ತು. 2003ರಲ್ಲಿ ಸಹಕಾರಿ ಸದಸ್ಯರಿಗೆ ಯಶಸ್ವಿನಿ ಯೋಜನೆ ಬಂತು. ಅದು ಆಪರೇಷನ್ ಖರ್ಚು ನೋಡಿಕೊಳ್ಳುತ್ತಿತ್ತು. ಬಸ್ಸು, ಊಟ, ಜೊತೆಗೆ ಉಳಿದವರ ಕೂಲಿ ತಪ್ಪಿದ್ದು, ಇದಕ್ಕೆಲ್ಲ ಏನು ಮಾಡುವುದು ಅಂತ ನಮ್ಮ ಹಿರಿಯರು ಈ ನಿಧಿ ಶುರು ಮಾಡಿದರು. ಆಗ ನಮ್ಮ ಕಡೆಯವರಿಗೆ ಆಪರೇಷನ್ ಅಂದರೆ ಬಹುಪಾಲು ಹೊಟ್ಟೆ ಕೊಯ್ಯುವುದೇ. ಹೊಲಿಗೆ ಬಿಚ್ಚುವವರೆಗೆ ವಾರಗಟ್ಟಲೆ ಅಲ್ಲೇ ಇರಬೇಕಿತ್ತು. ಹಾಗಾಗಿ ರಾತ್ರಿ ಎಣಿಸಿದರೆ ಕಷ್ಟದ ಲೆಕ್ಕ ಸರಿಯಾಗಿಯೇ ಸಿಗುತ್ತಿತ್ತು. ಈಗ ಸಿಗುತ್ತಿಲ್ಲ.

"ರೋಬೋಟ್ ಅಂದರೆ ಅದೇ ಕೊಯ್ಯುತ್ತದಾ? ಡಾಕ್ಟ್ರು ಎಲ್ಲಿರುತ್ತಾರೆ?" ಅಂತ ತುಂಬಾ ಜನ ಕೇಳುತ್ತಾರೆ. ನಿಯಮ ಬದಲಿಸುವ ಮೊದಲು ನಾವು ಮೂವರು ಆಸ್ಪತ್ರೆಯೊಂದಕ್ಕೆ ಹೋಗಿ ಯಂತ್ರವನ್ನು ಕಣ್ಣಾರೆ ನೋಡಿ ಬಂದೆವು. ಒಂದು ಕಡೆ ರೋಗಿ ಮಲಗುವ ಮೇಜು. ಅದರ ಮೇಲೆ ನಾಲ್ಕು ಉದ್ದನೆಯ ತೋಳು ಬಾಗಿ ನಿಂತಿರುತ್ತವೆ. ಕೆಲವು ಹೆಜ್ಜೆ ದೂರದಲ್ಲಿ ಡಾಕ್ಟರು ಒಂದು ಪೆಟ್ಟಿಗೆಯೊಳಗೆ ಮುಖ ಇಟ್ಟು ಕೂರುತ್ತಾರೆ. ಹೊಟ್ಟೆಗೆ ಎಂಟು ಮಿಲಿಮೀಟರಿನಷ್ಟು ಅಗಲದ ಕೆಲವು ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಕತ್ತರಿ, ಚಿಮಟ. ಡಾಕ್ಟರು ಬೆರಳು ಆಡಿಸಿದಂತೆ ಒಳಗೆ ಚಿಮಟ ಆಡುತ್ತದೆ. ಅವರು ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ತಾನಾಗಿ ಏನೂ ಮಾಡುವುದಿಲ್ಲ.

ಅಭ್ಯಾಸಕ್ಕೆ ಇಟ್ಟ ಹಲಗೆಯ ಮುಂದೆ ನನ್ನನ್ನೂ ಕೂರಿಸಿದರು. ಗೂಟದಿಂದ ಗೂಟಕ್ಕೆ ಸಣ್ಣ ರಬ್ಬರ್ ಉಂಗುರ ದಾಟಿಸಬೇಕು. ಪೆಟ್ಟಿಗೆಯೊಳಗೆ ನೋಡಿದರೆ ಉಂಗುರ ಬಳೆಯಷ್ಟು ದೊಡ್ಡದಾಗಿ ಕಾಣುತ್ತದೆ. ಎಷ್ಟು ಹತ್ತಿರ, ಎಷ್ಟು ಆಳ ಅಂತ ಚೆನ್ನಾಗಿ ಗೊತ್ತಾಗುತ್ತದೆ. ನನಗೆ ಅರವತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತದೆ. ಆದರೆ ಆ ಚಿಮಟದ ತುದಿ ನಡುಗಲಿಲ್ಲ. ನಡುಕವನ್ನು ಯಂತ್ರ ಸೋಸಿಬಿಡುತ್ತದಂತೆ. ಮಾಮೂಲಿ ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನೊಳಗೆ ಕಡ್ಡಿ ಹಾಕಿ ಡಾಕ್ಟರು ಕೈಯಲ್ಲೇ ಹಿಡಿದು ಮಾಡುವ ಆಪರೇಷನ್‌ನಲ್ಲಿ, ಆ ಕಡ್ಡಿ ನೆಟ್ಟಗಿರುತ್ತದೆ, ಇದರ ತುದಿಗೆ ನಮ್ಮ ಮಣಿಕಟ್ಟಿನ ಹಾಗೆ ತಿರುಗುವ ಕೀಲು ಇದೆ. ಪ್ರಾಸ್ಟೇಟ್ ಇರುವಂಥ ಇಕ್ಕಟ್ಟಿನ ಜಾಗದಲ್ಲಿ ಹೊಲಿಗೆ ಹಾಕಲು ಅದು ಎಷ್ಟು ಅನುಕೂಲ ಅನ್ನುವುದು ಅಲ್ಲಿ ಕೂತಾಗಲೇ ನನಗೆ ಅರ್ಥವಾಗಿದ್ದು.

ರೋಗಿಗೆ ಏನು ಲಾಭ? ಬ್ರಿಟನ್ನಿನ ಒಂಬತ್ತು ಆಸ್ಪತ್ರೆಗಳಲ್ಲಿ 338 ಮೂತ್ರಕೋಶದ ಕ್ಯಾನ್ಸರ್ ರೋಗಿಗಳನ್ನು ಸೇರಿಸಿ ಮಾಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅವರು ಎಣಿಸಿದ್ದು ಆಪರೇಷನ್ ಆದ ಮೇಲಿನ 90 ದಿನಗಳಲ್ಲಿ ರೋಗಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳನ್ನು. ನಾವು ಮಾಡುತ್ತಿದ್ದ ಲೆಕ್ಕಕ್ಕೆ ಪೂರ್ತಿ ಉಲ್ಟಾ, ಅಲ್ವಾ? ರೋಬೋಟ್‌ನವರಿಗೆ 82 ದಿನ, ಹೊಟ್ಟೆ ಕೊಯ್ಸಿಕೊಂಡವರಿಗೆ 80 ದಿನ ಬಂತು. ಎರಡು ದಿನ ದೊಡ್ಡ ಅಂತರ ಅಲ್ಲ ಅನ್ನಬಹುದು. ಆದರೆ ಗಾಯದ ತೊಂದರೆ ಕೊಯ್ಸಿಕೊಂಡವರಲ್ಲಿ ನೂರಕ್ಕೆ 16 ಜನರಿಗೆ ಆಗಿತ್ತು, ರೋಬೋಟ್‌ನವರಲ್ಲಿ ಸುಮಾರು 6 ಜನರಿಗೆ. ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ನೂರಕ್ಕೆ 8 ಇದ್ದದ್ದು 2ಕ್ಕೆ ಇಳಿದಿತ್ತು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪ್ರಾಸ್ಟೇಟ್ ಆಪರೇಷನ್ ಹೋಲಿಸಿದಾಗಲೂ ರೋಬೋಟ್‌ನವರು ಸರಾಸರಿ ಒಂದೂವರೆ ದಿನಕ್ಕೆ ಮನೆಗೆ ಹೋದರು, ಕೊಯ್ಸಿಕೊಂಡವರಿಗೆ ಮೂರು ದಿನ ದಾಟಿತು. ರೋಬೋಟ್‌ನವರಿಗೆ ರಕ್ತ ಹೋಗಿದ್ದು ಕೊಯ್ಸಿಕೊಂಡವರಿಗೆ ಹೋದದ್ದರ ಮೂರನೇ ಒಂದು ಪಾಲು ಮಾತ್ರ.

ಅದೇ ಬ್ರಿಸ್ಬೇನ್ ಅಧ್ಯಯನದ ಇನ್ನೊಂದು ಮಾತನ್ನೂ ಹೇಳಬೇಕು. ಮೂರು ತಿಂಗಳು ಕಳೆದ ಮೇಲೆ ಮೂತ್ರದ ಹಿಡಿತ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇತ್ತು. 2018ರಲ್ಲಿ ಬಂದ ಗರ್ಭಕಂಠದ ಕ್ಯಾನ್ಸರಿನ ಅಧ್ಯಯನ ಇನ್ನೂ ಗಂಭೀರ. ಅಲ್ಲಿ ಲ್ಯಾಪ್ರೊಸ್ಕೋಪಿ ಅಥವಾ ರೋಬೋಟ್ ಮೂಲಕ ಗರ್ಭಕೋಶ ತೆಗೆಸಿಕೊಂಡವರಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ನೂರಕ್ಕೆ 86, ಹೊಟ್ಟೆ ಕೊಯ್ದು ತೆಗೆಸಿಕೊಂಡವರಲ್ಲಿ 96ಕ್ಕೂ ಜಾಸ್ತಿ. ಅಂದರೆ ಚಿಕ್ಕ ಗಾಯವೇ ಯಾವಾಗಲೂ ಒಳ್ಳೆಯದು ಅಂತ ಇಲ್ಲ. ನಮ್ಮ ಅಕ್ಕ-ತಂಗಿಯರು ಇದನ್ನು ದಯವಿಟ್ಟು ನೆನಪಿಡಿ. ಇನ್ನು ಪಿತ್ತಕೋಶ, ಅಪೆಂಡಿಕ್ಸ್‌ನಂಥ ಆಪರೇಷನ್‌ಗೆ ಸಾಮಾನ್ಯವಾಗಿ ಮಾಮೂಲಿ ಲ್ಯಾಪ್ರೊಸ್ಕೋಪಿಯೇ ಸಾಕು.

ಹಾಗಾಗಿ ಹೊಸ ನಿಯಮದಲ್ಲಿ ಕೊಯ್ದು ಮಾಡಿದರೂ, ಲ್ಯಾಪ್ರೊಸ್ಕೋಪಿ ಆದರೂ, ರೋಬೋಟ್ ಆದರೂ ನೆರವು ಒಂದೇ. ಸಣ್ಣ ಆಪರೇಷನ್‌ಗೆ 6,000, ಮಧ್ಯಮಕ್ಕೆ 15,000, ದೊಡ್ಡದಕ್ಕೆ 30,000 ರೂಪಾಯಿ. ಯಾವುದು ಯಾವ ಗುಂಪು ಅನ್ನುವ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ರೋಬೋಟ್‌ಗೆ ಜಾಸ್ತಿ ಕೊಡಬೇಕು ಅಂತ ಸಭೆಯಲ್ಲಿ ಕೆಲವರು ಒತ್ತಾಯಿಸಿದರು. ಅದು ದುಬಾರಿ ಹೌದು. ಯಂತ್ರದ ಬೆಲೆಯೇ ಕೋಟಿಗಟ್ಟಲೆ, ಚಿಮಟಗಳನ್ನು ಕೂಡ ಇಷ್ಟೇ ಸಲ ಬಳಸಬೇಕು ಅಂತ ಮಿತಿ ಇರುತ್ತದೆ. ಆದರೆ ಈ ನಿಧಿ ದಿನಕ್ಕೆ ಐವತ್ತು ರೂಪಾಯಿ ಪಿಗ್ಮಿ ಕಟ್ಟುವವರದ್ದೂ ಹೌದು. ಎಲ್ಲ ಆಪರೇಷನ್‌ಗೂ ರೋಬೋಟ್‌ನಿಂದ ಲಾಭ ಇದೆ ಅಂತ ನಮಗೆ ಖಾತ್ರಿ ಇಲ್ಲದಿರುವಾಗ ಅವರ ದುಡ್ಡನ್ನು ಅದಕ್ಕೆ ಸುರಿಯುವುದು ಸರಿ ಕಾಣಲಿಲ್ಲ. ಡಾಕ್ಟರು ಈ ರೋಗಿಗೆ ರೋಬೋಟೇ ಯಾಕೆ ಬೇಕು ಅಂತ ಎರಡು ಸಾಲು ಬರೆದುಕೊಟ್ಟರೆ, ಹೆಚ್ಚುವರಿ ಖರ್ಚಿಗೆ ಒಂದು ಲಕ್ಷದವರೆಗೆ ಕಡಿಮೆ ಬಡ್ಡಿಯ ಚಿಕಿತ್ಸಾ ಸಾಲ ಕೊಡುತ್ತೇವೆ.

ನನಗೆ ತುಂಬಾ ಸಮಾಧಾನ ತಂದಿದ್ದು ಮನೆ ಆರೈಕೆ ನೆರವು. ಮನೆಗೆ ಬಂದ ಮೇಲೆ 14 ದಿನದವರೆಗೆ ದಿನಕ್ಕೆ 300 ರೂಪಾಯಿ. ಇದನ್ನು ಸುಮ್ನೆ ಇಟ್ಟಿದ್ದಲ್ಲ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ಪಟ್ಟಿ ನೋಡಿ ನಮ್ಮವರು ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಕಳೆದ ಕೊಯ್ಲಿನಲ್ಲಿ ಒಬ್ಬರು ಹತ್ತನೇ ದಿನಕ್ಕೇ ಅಡಿಕೆ ಮೂಟೆ ಎತ್ತಿ ಮತ್ತೆ ಆಸ್ಪತ್ರೆ ಸೇರಿದರು. ಹೊರಗಿನ ಗಾಯ ಚಿಕ್ಕದು, ಒಳಗೆ ಕೊಯ್ದದ್ದು ಮಾತ್ರ ಹೊಟ್ಟೆ ಕೊಯ್ದು ಮಾಡಿದಷ್ಟೇ ಇರುತ್ತದೆ. ಡಾಕ್ಟರು ಹೇಳಿದಷ್ಟು ವಾರ ಭಾರ ಎತ್ತಬೇಡಿ. ಇನ್ನೊಂದು: ಹೊಟ್ಟೆಯನ್ನು ಗ್ಯಾಸ್ ತುಂಬಿ ಉಬ್ಬಿಸಿರುತ್ತಾರೆ, ಅದರಿಂದ ಎರಡು ಮೂರು ದಿನ ಭುಜದ ತುದಿ ನೋಯುವುದುಂಟು. ಗೊತ್ತಿದ್ದರೆ ಹೆದರಿಕೆ ಆಗುವುದಿಲ್ಲ. ಜ್ವರ ಬಂದರೆ, ಹೊಟ್ಟೆ ಗಟ್ಟಿಯಾಗಿ ನೋವು ಜಾಸ್ತಿ ಆದರೆ, ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಕಾಲು ಊದಿದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಆಪರೇಷನ್‌ಗೆ ಒಪ್ಪುವ ಮೊದಲು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಇದೇ ಆಪರೇಷನ್ ರೋಬೋಟ್‌ನಲ್ಲಿ ನೀವೇ ಎಷ್ಟು ಮಾಡಿದ್ದೀರಿ? ಮಾಮೂಲಿ ಲ್ಯಾಪ್ರೊಸ್ಕೋಪಿ ಆದರೆ ಏನು ನಷ್ಟ? ಮಧ್ಯದಲ್ಲಿ ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಖರ್ಚು ಎಷ್ಟಾಗುತ್ತದೆ? ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೈ ಅವರದ್ದೇ ತಾನೆ.

ಖಾಸಗಿ ವಿಮೆ ಇರುವವರು ಪಾಲಿಸಿಯನ್ನು ಮೊದಲೇ ತೆಗೆದು ಓದಿ. ರೋಬೋಟ್ ಆಪರೇಷನ್ ಅನ್ನುವ ಕಾರಣಕ್ಕೇ ಕೊಡುವುದಿಲ್ಲ ಅನ್ನುವಂತಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಇಷ್ಟೇ ಕೊಡುತ್ತೇವೆ ಅಂತ ಕಂಪನಿ ಮಿತಿ ಹಾಕಬಹುದು. ಆ ಸಾಲು ಎಲ್ಲಿದೆ ಅಂತ ಸಿಗದಿದ್ದರೆ ಪಾಲಿಸಿಯನ್ನೇ ಇಲ್ಲಿಗೆ ತನ್ನಿ, ಕೂತು ಹುಡುಕೋಣ.

ಕಳೆದ ಎರಡು ವರ್ಷದಲ್ಲಿ ಮೂರು ರಾತ್ರಿ ಆಗಿಲ್ಲ ಅಂತ ವಾಪಸ್ ಕಳಿಸಿದ ಅರ್ಜಿಗಳನ್ನು ಕಡತದಿಂದ ತೆಗೆದಿದ್ದೇವೆ. ಹನ್ನೊಂದು ಸಿಕ್ಕಿವೆ. ಹನ್ನೊಂದಕ್ಕೂ ಹೊಸ ಲೆಕ್ಕದಲ್ಲೇ ದುಡ್ಡು ಕೊಡುತ್ತೇವೆ. ಆ ಅಮ್ಮನ ಮನೆಗೆ ಮೊನ್ನೆ ನಮ್ಮ ಹುಡುಗನೇ ಚೆಕ್ ತೆಗೆದುಕೊಂಡು ಹೋದ. ಯಜಮಾನರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರಂತೆ. ಬಾಯಿಮಾತಲ್ಲೇ ಇಲ್ಲ ಅನ್ನಿಸಿಕೊಂಡು, ಅರ್ಜಿ ಕೊಡದೆ ಹೋದವರೂ ಇರಬಹುದು. ಡಿಸ್ಚಾರ್ಜ್ ಕಾರ್ಡ್, ಬಿಲ್ಲು, ಪಾಸ್‌ಬುಕ್ ತೆಗೆದುಕೊಂಡು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ ಬನ್ನಿ. ಬರಲು ಆಗದವರು ಪಿಗ್ಮಿ ಹುಡುಗನ ಹತ್ತಿರ ಹೇಳಿ ಕಳಿಸಿ, ನಾವೇ ಬರುತ್ತೇವೆ.

ನಿಮ್ಮ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ