ಸಂಪಾದಕೀಯ: ಎಲ್ಲರಿಗಿಂತ ಮುಂದೆ ನಡೆದವರು

ಈ ಸಂಚಿಕೆಯ ಸಂಪಾದಕೀಯವನ್ನು ಯುಗಾದಿಗೆಂದು ಮೀಸಲಿಟ್ಟಿದ್ದೆ. ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಆದರೂ ಕಳೆದ ವಾರ ನಮ್ಮ ಹವಾಲ್ದಾರ್ ತಾತ ತೀರಿಕೊಂಡ ಮೇಲೆ ಬೇರೇನನ್ನೂ ಬರೆಯಲು ಮನಸ್ಸು ಒಪ್ಪಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಹಿಂತಿರುಗುವಾಗ ಪುಟ್ಟ ಹುಡುಗಿಯೊಬ್ಬಳು ತಾಯಿಯನ್ನು ಕೇಳಿದಳಂತೆ: "ಇನ್ನು ಮೇಲೆ ನಡಿಗೆಗೆ ಹೋದಾಗ ಎಲ್ಲರಿಗಿಂತ ಮುಂದೆ ಯಾರು ಇರುತ್ತಾರೆ?"

ಅವರು ಬೆಂಗಳೂರಿನ ಹಲಸೂರಿನಲ್ಲಿ ತರಬೇತಿ ಪಡೆದು ಭಾರತೀಯ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದವರು. ಮೆಲ್ಬರ್ನಿಗೆ ಮಗಳ ಮನೆಗೆ ಬಂದಮೇಲೂ ಅವರ ಕೈ ಸುಮ್ಮನಿದ್ದುದನ್ನು ನಾವು ಕಂಡಿಲ್ಲ. ಮಂಡಿ ನೋವಿನ ಹೆಂಡತಿ ಹಿತ್ತಲಿಗೆ ಇಳಿಯಲೆಂದು ಮೆಟ್ಟಿಲುಗಳ ಜಾಗದಲ್ಲಿ ತಾವೇ ಇಳಿಜಾರು ಹಾದಿ ಕಟ್ಟಿದರು. ಸೇವೆಯ ವರ್ಷಗಳಲ್ಲಿ ಸ್ವಂತ ಮಕ್ಕಳ ಬಾಲ್ಯವನ್ನು ರಜೆಯ ದಿನಗಳಲ್ಲಷ್ಟೇ ಕಂಡಿದ್ದ ಅವರು, ಮಳೆಯಿರಲಿ ಬಿಸಿಲಿರಲಿ, ಮೊಮ್ಮಕ್ಕಳನ್ನು ಶಾಲೆಗೆ ನಡೆಸಿಕೊಂಡೇ ಹೋಗುತ್ತಿದ್ದರು.

ಡ್ಯಾಂಡೆನಾಂಗ್ ಬೆಟ್ಟಸಾಲಿನ ಸಾವಿರ ಮೆಟ್ಟಿಲುಗಳ ಹಾದಿ ಅವರಿಗೆ ಅಚ್ಚುಮೆಚ್ಚು. ಅದು 1942ರಲ್ಲಿ ನ್ಯೂಗಿನಿಯ ಕೊಕೊಡ ಹಾದಿಯಲ್ಲಿ ಜಪಾನೀಯರ ವಿರುದ್ಧ ಹೋರಾಡಿದ ಆಸ್ಟ್ರೇಲಿಯದ ಯೋಧರ ಸ್ಮಾರಕವೂ ಹೌದು. ದಾರಿಯುದ್ದಕ್ಕೂ ಇರುವ ಫಲಕಗಳ ಮುಂದೆ ನಿಂತು, ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಆಮೇಲೇ ಅವರು ಮುಂದೆ ಹೆಜ್ಜೆ ಇಡುತ್ತಿದ್ದರು. ಅಲ್ಲೊಮ್ಮೆ ಹುಡುಗನೊಬ್ಬ, "ತಾತ, ಯುದ್ಧದಲ್ಲಿ ನೀವು ಎಷ್ಟು ಜನರನ್ನು ಹೊಡೆದಿರಿ?" ಎಂದು ಕೇಳಿಬಿಟ್ಟ. ದೊಡ್ಡವರೆಲ್ಲ ಮುಜುಗರಪಟ್ಟೆವು. ಅವರು ಮಾತ್ರ ಜರೀಗಿಡಗಳ ಕೆಳಗೆ ಕುಳಿತು, ಕಡ್ಡಿಯೊಂದನ್ನು ಎತ್ತಿಕೊಂಡು ನೆಲಕ್ಕೆ ಓರೆಯಾಗಿ ಚುಚ್ಚಿ ತೋರಿಸಿದರು. ನೆಲಬಾಂಬನ್ನು ಹುಡುಕುವಾಗ ಸಲಾಕೆಯನ್ನು ನೆಟ್ಟಗೆ ಇಳಿಸಿದರೆ ಅದರ ತಲೆಯ ಮೇಲೆಯೇ ಒತ್ತಡ ಬೀಳುತ್ತದೆ. ಓರೆಯಾಗಿ ತಳ್ಳಿದರೆ ಪಕ್ಕಕ್ಕೆ ತಾಗುತ್ತದೆ. ಹೀಗೆ ಗೇಣು ಗೇಣಾಗಿ ತಡಕಿ, ತೆರವಾದ ದಾರಿಯ ಇಕ್ಕೆಲಕ್ಕೂ ಬಿಳಿ ಪಟ್ಟಿ ಎಳೆಯುವುದು ತಮ್ಮ ಕೆಲಸವಾಗಿತ್ತೆಂದು ವಿವರಿಸಿದರು. ಪಾಕಿಸ್ತಾನದೊಡನೆ ಯುದ್ಧ ನಡೆದ 1971ರ ಡಿಸೆಂಬರ್ 15ರ ರಾತ್ರಿ, ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ಆ ಕೆಲಸ ಅರ್ಧ ಮುಗಿದಿತ್ತಷ್ಟೇ. ಆಚೆ ದಡದ ಪದಾತಿ ಸೈನಿಕರು ಶತ್ರು ಟ್ಯಾಂಕುಗಳ ಸುಳಿವು ಕಂಡು ನೆರವು ಕೋರಿದಾಗ, ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಇನ್ನೂ ತೆರವಾಗದ ನೆಲದ ಮೇಲೆಯೇ ನುಗ್ಗಿದವು. ಮರುದಿನ ಆ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಹುತಾತ್ಮರಾದರು. ಮರಣೋತ್ತರ ಪರಮವೀರ ಚಕ್ರ ಪಡೆದ ಅವರಿಗೆ ಆಗ 21 ವರ್ಷ. "ನನ್ನದೂ ಹೆಚ್ಚುಕಡಿಮೆ ಅದೇ ವಯಸ್ಸು ಕಣಪ್ಪ," ಎಂದು ಹೇಳಿ ತಾತ ಕಡ್ಡಿಯನ್ನು ಬದಿಗಿಟ್ಟು ಎದ್ದರು. ಎಷ್ಟು ಜನರನ್ನು ಹೊಡೆದಿರಿ ಎಂದು ಆ ಹುಡುಗ ಮತ್ತೆ ಕೇಳಲಿಲ್ಲ.

ಇನ್ನು ಪ್ರಕಟಣೆಗಳು, ಅವಸರದಲ್ಲಿ. ಯುಗಾದಿ ಸಮಾರಂಭ ಈ ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕಕ್ಕೆ, ಎಂದಿನ ಸಭಾಂಗಣದಲ್ಲಿ. ಕನ್ನಡ ತರಗತಿಗಳು ಶಾಲಾ ರಜೆ ಮುಗಿದ ಮೊದಲ ಭಾನುವಾರದಿಂದ. ಸಮಾರಂಭಕ್ಕೆ ಎರಡು ಗಂಟೆ ಮೊದಲೇ ಬಂದು ಕುರ್ಚಿ ಜೋಡಿಸಿ, ಎಲ್ಲರೂ ಹೋದ ಮೇಲೆ ನೆಲ ಗುಡಿಸಿ ಬೀಗ ಹಾಕುತ್ತಿದ್ದವರು ತಾತನೇ. ಆ ಕೆಲಸಕ್ಕೆ ಈಗ ಕನಿಷ್ಠ ನಾಲ್ವರು ಬೇಕು. ಸುದ್ದಿಪತ್ರಕ್ಕೂ ಕರಡು ತಿದ್ದುವ ಇನ್ನೊಂದು ಜೊತೆ ಕಣ್ಣು ಬೇಕಾಗಿದೆ. ದಯವಿಟ್ಟು ಮುಂದೆ ಬನ್ನಿ.

ಏಪ್ರಿಲ್ 25ರಂದು ಇಲ್ಲಿ ಯೋಧರನ್ನು ಸ್ಮರಿಸುವ ಆನ್‌ಜಾಕ್ ದಿನದ ಮೆರವಣಿಗೆಯಲ್ಲಿ ತಾತ ಪ್ರತಿವರ್ಷ ಪದಕ ಧರಿಸಿ ನಡೆಯುತ್ತಿದ್ದರು. 1915ರಲ್ಲಿ ಅದೇ ದಿನ ಭಾರತದ ಪರ್ವತ ಫಿರಂಗಿ ದಳದವರೂ ಟರ್ಕಿಯ ಗಲ್ಲಿಪೊಲಿಯ ದಡದಲ್ಲಿ ಇಳಿದಿದ್ದರೆಂಬುದನ್ನು ನಮ್ಮಲ್ಲಿ ಹಲವರಿಗೆ ತಿಳಿಸಿದವರೇ ಅವರು. ಈ ಸಲ ಮೊಮ್ಮಗ, ಇಲ್ಲಿಯ ಪದ್ಧತಿಯಂತೆ, ಅಜ್ಜನ ಪದಕಗಳನ್ನು ಎದೆಯ ಬಲಭಾಗದಲ್ಲಿ ಧರಿಸಿ ನಡೆಯಲಿದ್ದಾನೆ. ಅವನು ನಡೆಯುವಾಗ ರಸ್ತೆಯ ಬದಿಯಲ್ಲಿ ನಮ್ಮವರು ಇರಬೇಕೆಂಬುದು ಕುಟುಂಬದ ಆಸೆ. ಬರುವವರು ಯುಗಾದಿಯ ದಿನವೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ.